‘ಆಕ್ಸಿಡೆಂಟ್’ ಬೋಲಪಟ: ಒಂದು ವಿಮರ್ಶೆ

ಪಾತ್ರಗಳು ಪ್ರಿಯವಾಗದಿದ್ದರೆ ಕೃತಿಯೇ ಕೆಟ್ಟಿತೆಂಬ ಮಾತು ನಮ್ಮ ರಸಿಕರಲ್ಲಿ ಬಹುದಿನಗಳಿಂದ ರೂಢವಾಗಿದೆ. ಶಂಕರನಾಗರು ನಿರ್ದೇಶಿಸಿದ ‘ಆಕ್ಸಿಡೆಂಟ್’ (1985) ಎಂಬ ಬೋಲಪಟವನ್ನು ಮತ್ತೊಮ್ಮೆ ನೋಡಿದಾಗ ಈ ಮಾತನ್ನು ಒರೆಗೆ ಹಚ್ಚಬೇಕೆನಿಸಿತು. ಇದರಲ್ಲಿ ಹಾಡುಗಳಿಲ್ಲ; ಇಳಯರಾಜರ ಹಿನ್ನೆಲೆ ಸಂಗೀತವುಂಟು.

ಕಥೆ ಸರಳವಾದುದು. ಪುಢಾರಿ ಧರ್ಮಾಧಿಕಾರಿಯ ಮಗ ದೀಪಕನು ಅಮಲಿನಲ್ಲಿ, ಹಾದಿಯ ಬದಿಗೆ ಮಲಗಿದ ಬಡವರ ಮೇಲೆ ಮೋಟಾರು ಹಾಯಿಸುತ್ತಾನೆ. ಮುಂದಿನದೆಲ್ಲ ಮುಚ್ಚುಮರೆಯ ವ್ಯವಹಾರ. ಮೊಕದ್ದಮೆ ನ್ಯಾಯಾಸನದ ಮುಂದೆ ಗೆಲ್ಲುವದೋ ಸೋಲುವದೋ ಎಂಬ ಕುತೂಹಲ ಇಲ್ಲಿಯದಲ್ಲ. ಅದು ಅಲ್ಲಿಯವರೆಗೆ ಹೋದೀತೇ ಎಂಬುದೇ ಪ್ರಶ್ನೆ.

ಅನಂತನಾಗರ ಧರ್ಮಾಧಿಕಾರಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ರಾಕ್ಷಸನ ಅಬ್ಬರವಿಲ್ಲ, ಮನೆಯ ಯಜಮಾನನ ಸೌಜನ್ಯದಿಂದಲೇ ಕೇಡು ನಡೆಯುತ್ತದೆ. ಅವನಲ್ಲಿ ಪುತ್ರಸ್ನೇಹವೆಷ್ಟು, ಚುನಾವಣೆಯ ಚಿಂತೆಯೆಷ್ಟು ಎಂಬುದನ್ನು ನಟರು ಬಿಡಿಸಿ ಹೇಳುವದಿಲ್ಲ. ದೀಪಕನಂತೂ ಕರುಣೆಗೆ ಎಡೆಗೊಡದ ಪಾತ್ರ. ಶಂಕರನಾಗರೇ ವಹಿಸಿದ ಪತ್ರಕರ್ತನೂ ನಮಗೆ ಅಷ್ಟಾಗಿ ಆಪ್ತನಾಗಲಿಲ್ಲ. ಆದರೆ ಇದನ್ನು ದೋಷವೆನ್ನಲಾರೆವು. ಪ್ರೀತಿ ಹುಟ್ಟಿಸುವ ದೀಪಕನನ್ನು ಸೃಷ್ಟಿಸಿದ್ದರೆ, ಪ್ರೇಕ್ಷಕನೂ ಅವನ ಪರವಾದ ವಕೀಲನಾಗುತ್ತಿದ್ದನು.

ಕಾಯಿದೆಯ ಮಾತು ಬಂದಿತು. ಆಗಿನ ದಂಡಸಂಹಿತೆಯ 304-ಎ ಕಲಮಿನಂತೆ ಅಜಾಗರೂಕತೆಯಿಂದಾದ ಮರಣಕ್ಕೆ ಹೆಚ್ಚೆಂದರೆ 2 ವರ್ಷಗಳ ಕಾರಾಗೃಹವಾಸ. ಮುಂಬಯಿಯ ಕಾರ್ಟರ್ ರಸ್ತೆಯಲ್ಲಿ 2006ರಲ್ಲಿ ಇಂಥದೇ ಮೋಟಾರಿಗೆ ಮಲಗಿದ್ದ 7 ಜನರು ಬಲಿಯಾದರು. ಅದು ಬರಿಯ ಅಜಾಗರೂಕತೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ 304ನೆಯ ಕಲಮಿನ ಎರಡನೆಯ ಭಾಗದಂತೆ 3 ವರ್ಷಗಳ ಶಿಕ್ಷೆಯನ್ನು ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯಸಂಹಿತೆಯು ಅಜಾಗರೂಕತೆಯ ಶಿಕ್ಷೆಯನ್ನೇ 5 ವರ್ಷಗಳ ವರೆಗೆ ಏರಿಸಿದೆ. ಆದರೂ ಸಾಕ್ಷಿಯನ್ನೇ ಅಳಿಸಿದ ಮೇಲೆ ಕಲಮು ಯಾವುದಾದರೇನು?

ನಮ್ಮ ಆಕ್ಷೇಪ ಬೇರೆಯೇ. ಬದುಕಿ ಉಳಿದ ರಾಮಣ್ಣನ ಪಾತ್ರದಲ್ಲಿ ರಮೇಶ ಭಟ್ಟರು ಮನ ಕಲಕುವಂತೆ ಅಭಿನಯಿಸಿದ್ದಾರೆ. ಧರ್ಮಾಧಿಕಾರಿಗೆ ಕೊಟ್ಟ ತಾಳ್ಮೆಯನ್ನು ಚಿತ್ರವು ಇವನಿಗೆ ಕೊಟ್ಟಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ವಾಚಕರಿಗೆ ಈ ಕೊರತೆ ಬೇಗ ತಾಗುವದು. ಗುಳೆ ಹೊರಟು, ಗಂಟುಮೂಟೆ ಕಟ್ಟಿಕೊಂಡು ವಾಡಿ ಜಂಕ್ಷನ್ನಿನಲ್ಲಿ ರೈಲಿನ ಹಾದಿ ಕಾಯುವವರನ್ನು ಕಂಡವರು ರಾಮಣ್ಣನ ಊರು ಯಾವುದೆಂದು ಕೇಳಬೇಕಾಗಿಲ್ಲ. ಪಟ್ಟಣಗಳ ಹಾದಿಗೆ ಶಹಾಬಾದಿನ ಫರಸಿಯನ್ನು ಹೊತ್ತು ಹಾಸುವವರೂ ಇಂಥವರೇ, ರಾತ್ರಿ ಅದರ ಮೇಲೆ ಮಲಗುವವರೂ ಇಂಥವರೇ.