ಮಕ್ಕಳಿಲ್ಲದ ತರಗತಿ

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಬಿ.ಎಡ್. ಓದಿದವರಿದ್ದರೆ ಒಮ್ಮೆ ಕೇಳಿ ನೋಡಿ: ‘ಮೈಕ್ರೋ ಟೀಚಿಂಗ್ ಮಾಡುವಾಗ ನಿಮ್ಮೆದುರು ಕೂತಿದ್ದ ಮಕ್ಕಳು ಯಾರು?’ ಹೆಚ್ಚಿನವರು ನಗುತ್ತಾ ಹೇಳುತ್ತಾರೆ, ‘ನಮ್ಮ ಕ್ಲಾಸಿನವರೇ.’ ಇಪ್ಪತ್ತು ದಾಟಿದವರು ಏಳನೇ ತರಗತಿಯ ಮಕ್ಕಳಾಗಿ ನಟಿಸುತ್ತಾರೆ. ಉತ್ತರ ಗೊತ್ತಿದ್ದವರೇ ಕೈ ಎತ್ತುತ್ತಾರೆ, ಟೀಚರ್ ‘ಶಾಬಾಶ್’ ಅನ್ನುತ್ತಾರೆ, ಹಿಂದೆ ಕೂತ ಮೇಲ್ವಿಚಾರಕರು ಅಂಕ ಹಾಕುತ್ತಾರೆ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರರನ್ನು ಕೇಳಿದರೂ ಉತ್ತರ ಹೆಚ್ಚು ಬೇರೆಯಿರದು. ಅವರ ಕಮ್ಮಟಗಳಲ್ಲಿ ಸಹೋದ್ಯೋಗಿಗಳೇ ವಿದ್ಯಾರ್ಥಿಗಳು.

ಶಿಕ್ಷಕರ ವೃತ್ತಿ ತರಬೇತಿ ಎಂದು ನಾವು ಕರೆಯುವುದರ ಗುಣವೂ ದೋಷವೂ ಈ ಒಂದು ದೃಶ್ಯದಲ್ಲಿವೆ. ಅದನ್ನು ನೋಡಬೇಕಾದರೆ ಗುಜರಾತಿಗೆ ಹೋಗಬೇಕು. ಯಾಕೆಂದರೆ ಈ ಪದ್ಧತಿ ಭಾರತದಲ್ಲಿ ಬೇರೂರಿದ ಕಥೆಯಲ್ಲಿ ವಡೋದರಾಕ್ಕೆ ದೊಡ್ಡ ಪಾಲಿದೆ.

ಸೂಕ್ಷ್ಮ ಬೋಧನೆ ಹುಟ್ಟಿದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, ಡ್ವೈಟ್ ಆಲೆನ್ ಮತ್ತು ಜೊತೆಗಾರರ ಕೈಯಲ್ಲಿ. 1970ರ ದಶಕದಲ್ಲಿ ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಶಿಕ್ಷಣ ಅಧ್ಯಯನ ಕೇಂದ್ರ, ಎಲ್ಲರ ಬಾಯಲ್ಲಿ ‘ಕೇಸ್’, ಅದನ್ನು ಇಲ್ಲಿನ ಕಾಲೇಜುಗಳಿಗೆ ಹೊಂದಿಸುವ ಕೆಲಸಕ್ಕೆ ಇಳಿಯಿತು. ಅಲ್ಲಿದ್ದ ಬಿ.ಕೆ. ಪಾಸಿ ಅವರ ‘ಬಿಕಮಿಂಗ್ ಬೆಟರ್ ಟೀಚರ್’ 1976ರಲ್ಲಿ ಅಹಮದಾಬಾದಿನಿಂದ ಪ್ರಕಟವಾಯಿತು. ಬೋಧನೆಯನ್ನು ಅದು 13 ಕೌಶಲಗಳಾಗಿ ಬಿಡಿಸಿತು: ಪಾಠದ ಪೀಠಿಕೆ, ಪ್ರಶ್ನೆ ಕೇಳುವುದು, ವಿವರಿಸುವುದು, ಉದಾಹರಣೆ ಕೊಡುವುದು, ಕಪ್ಪುಹಲಗೆಯ ಬಳಕೆ, ಮೌನ ಮತ್ತು ಹಾವಭಾವ, ಪಾಠ ಮುಗಿಸುವುದು ಹೀಗೆ. ಇಂದು ಕರ್ನಾಟಕದ ಬಿ.ಎಡ್. ವಿದ್ಯಾರ್ಥಿನಿ ದಾಖಲೆ ಪುಸ್ತಕದಲ್ಲಿ ಬರೆಯುವ ಕೌಶಲಗಳು ಬಹುಮಟ್ಟಿಗೆ ಈ ಪಟ್ಟಿಯ ಸಂತಾನವೇ.

ಈ ಪುಸ್ತಕಕ್ಕೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸೋಣ. ‘ಮೇಷ್ಟ್ರು ಹುಟ್ಟಿ ಬರಬೇಕು, ತಯಾರು ಮಾಡಿದರೆ ಆಗೋದಲ್ಲ’ ಎಂಬ ಮಾತು ನಮ್ಮಲ್ಲಿ ಹಳೆಯದು. ಅದು ಕೇಳಲು ಚೆಂದ, ಆದರೆ ಮನೆಯಲ್ಲಿ ಓದಿದವರೇ ಇಲ್ಲದೆ ಮೊದಲ ಬಾರಿಗೆ ಕಾಲೇಜು ಹತ್ತಿದ ಹುಡುಗಿಗೆ ಬಾಗಿಲು ಮುಚ್ಚುವ ಮಾತು. ಪಾಠ ಮಾಡುವುದನ್ನು ಬಿಡಿಸಿ ತೋರಿಸಬಹುದು, ಕಲಿಯಬಹುದು, ತಪ್ಪಿದ್ದನ್ನು ಮತ್ತೆ ಮಾಡಿ ತಿದ್ದಿಕೊಳ್ಳಬಹುದು ಎಂದ ಈ ಪದ್ಧತಿ ಆ ಬಾಗಿಲನ್ನು ತೆರೆಯಿತು. ನಮ್ಮ ಮನೆಗಳಿಂದ ಶಿಕ್ಷಕಿಯರಾದ ಎಷ್ಟೋ ಹೆಣ್ಣುಮಕ್ಕಳಿಗೆ ಕಪ್ಪುಹಲಗೆಯ ಮುಂದೆ ನಿಲ್ಲುವ ಧೈರ್ಯ ಕೊಟ್ಟದ್ದು ಇಂಥ ಅಭ್ಯಾಸವೇ.

ತಪ್ಪಿದ್ದು ಎಲ್ಲಿ? ಸ್ಟ್ಯಾನ್‌ಫರ್ಡಿನಲ್ಲಿ ಅಭ್ಯಾಸ ಪಾಠಕ್ಕೆ ಶಾಲೆಯ ಮಕ್ಕಳನ್ನೇ ಹಣ ಕೊಟ್ಟು ಕರೆಸುತ್ತಿದ್ದರು. ನಾಲ್ಕೈದೇ ಮಕ್ಕಳು, ಆದರೆ ನಿಜವಾದ ಮಕ್ಕಳು. ನಮ್ಮಲ್ಲಿ ಅಷ್ಟು ಹಣ, ಮಕ್ಕಳು, ಕೋಣೆ ಎಲ್ಲಿಂದ ತರುವುದು? ಹಾಗಾಗಿ ಭಾರತೀಯ ಮಾದರಿಯಲ್ಲಿ ಸಹಪಾಠಿಗಳೇ ಮಕ್ಕಳಾದರು. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಒಟ್ಟು 36 ನಿಮಿಷ. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಈ 36 ನಿಮಿಷಗಳಲ್ಲಿ ‘ಟೀಚರ್, ನಂಗೆ ಗೊತ್ತಾಗ್ಲಿಲ್ಲ’ ಎಂದು ನಿಜವಾಗಿ ಹೇಳುವವರು ಒಬ್ಬರೂ ಇಲ್ಲ. ಅಭ್ಯಾಸಕ್ಕೆ ಅನುಕೂಲವೆಂದು ತಂದ ಬದಲಿ ಏರ್ಪಾಡು ನಿಧಾನಕ್ಕೆ ನಿಯಮವಾಗಿ ಕೂತಿತು. ಭಾವೀ ಶಿಕ್ಷಕಿ ಅಲ್ಲಿ ಕಲಿಯುವುದು ನೋಡುವವರನ್ನು ಮೆಚ್ಚಿಸುವುದನ್ನು. ಕಲಿಯದ ಮಗುವಿನ ಮುಂದೆ ಏನು ಮಾಡಬೇಕು ಎಂಬುದು ಬಾಕಿಯೇ ಉಳಿಯುತ್ತದೆ.

ಇದು ಎಷ್ಟು ದೊಡ್ಡ ಕೊರತೆ ಎಂದು ತಿಳಿಯಲು ವಡೋದರಾದಿಂದ ದಕ್ಷಿಣಕ್ಕೆ ಸೂರತ್‌ಗೆ ಬನ್ನಿ. ಅದು ಪವರ್‌ಲೂಮುಗಳ ಊರು. ಒಡಿಶಾದ ಗಂಜಾಂನಿಂದ, ತೆಲಂಗಾಣದಿಂದ, ಮಹಾರಾಷ್ಟ್ರದಿಂದ, ಉತ್ತರ ಪ್ರದೇಶ–ಬಿಹಾರಗಳಿಂದ ದುಡಿಯಲು ಬಂದವರ ಊರು. ಅದಕ್ಕೇ ಅಲ್ಲಿನ ನಗರಪಾಲಿಕೆ ಗುಜರಾತಿಯ ಜೊತೆಗೆ ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಇರುವ ಮಗು ಪ್ರಶ್ನೆ ಕೇಳಿದಾಗ ಸುಮ್ಮನಾದರೆ ಆ ಮೌನಕ್ಕೆ ಹತ್ತು ಅರ್ಥಗಳಿರಬಹುದು. ಗೊತ್ತಿಲ್ಲವೇ, ಗೊತ್ತಿದ್ದೂ ಪದ ಸಿಗಲಿಲ್ಲವೇ, ಹಸಿವೇ, ಹೆದರಿಕೆಯೇ? ಇದನ್ನು ಯಾವ ಸಹಪಾಠಿ ನಟಿಸಿ ತೋರಿಸಬಲ್ಲ? ಸೂರತ್ ದೂರವಾಯಿತೇ? ಮನೆಯಲ್ಲಿ ಬ್ಯಾರಿ ಮಾತಾಡಿ, ಕನ್ನಡದಲ್ಲಿ ಆಡಿ, ಇಂಗ್ಲಿಷ್ ಪುಸ್ತಕದ ಮುಂದೆ ಕೂರುವ ನಮ್ಮೂರಿನ ಮಗುವನ್ನು ನೆನೆಯಿರಿ. ಕಥೆ ಅದೇ.

ಗುಜರಾತಿನಲ್ಲೇ ಇದಕ್ಕೆ ಇನ್ನೊಂದು ಉತ್ತರ ನಾಲ್ಕು ದಶಕ ಮೊದಲೇ ಬಂದಿತ್ತು. ಭಾವನಗರದ ಗಿಜುಭಾಯಿ ಬಧೇಕಾ (1885–1939) ವಕೀಲಿ ವೃತ್ತಿ ಬಿಟ್ಟು ಮಕ್ಕಳ ಕಡೆ ಬಂದವರು, 1920ರಲ್ಲಿ ಬಾಲಮಂದಿರ ತೆರೆದವರು. ‘ಮೀಸೆಯ ತಾಯಿ’ ಎಂದು ಜನ ಪ್ರೀತಿಯಿಂದ ಕರೆದರು. 1930ರ ದಶಕದ ಆರಂಭದಲ್ಲಿ ಬಂದ ಅವರ ‘ದಿವಾಸ್ವಪ್ನ’ದಲ್ಲಿ ಒಬ್ಬ ಶಿಕ್ಷಕ ಶಿಕ್ಷಣಾಧಿಕಾರಿಯನ್ನು ಒಪ್ಪಿಸಿ ನಾಲ್ಕನೇ ತರಗತಿಯನ್ನು ಒಂದು ವರ್ಷಕ್ಕೆ ಪಡೆಯುತ್ತಾನೆ. ಅವನೂ ರಾತ್ರಿಯೆಲ್ಲ ಪಾಠಯೋಜನೆ ಮಾಡಿಕೊಂಡೇ ಹೋಗುತ್ತಾನೆ. ಮೊದಲ ದಿನ ಮೌನದ ಆಟ ಆಡಿಸಲು ನೋಡುತ್ತಾನೆ. ಮಕ್ಕಳು ಕಿರುಚಾಡಿ ಅದನ್ನು ಮೂರಾಬಟ್ಟೆ ಮಾಡಿಬಿಡುತ್ತಾರೆ. ಯೋಜನೆ ಬಿದ್ದುಹೋಗುತ್ತದೆ. ಮರುದಿನ ಅವನು ಕಥೆ ಹೇಳಲು ಶುರುಮಾಡುತ್ತಾನೆ, ತರಗತಿ ತಾನಾಗಿ ಸುಮ್ಮನಾಗುತ್ತದೆ.

ಗಮನಿಸಿ, ಪಾಠ, ಹಿಮ್ಮಾಹಿತಿ, ಮರುಯೋಜನೆ, ಮರುಪಾಠ ಎಲ್ಲವೂ ಇಲ್ಲಿದೆ. ಆದರೆ ಹಿಮ್ಮಾಹಿತಿ ಕೊಟ್ಟವರು ಮಕ್ಕಳು. ಅಂಕಪಟ್ಟಿ ಹಿಡಿದ ಮೇಲ್ವಿಚಾರಕರು ಮೊದಲ ದಿನದ ಪಾಠಕ್ಕೆ ‘ಪೀಠಿಕೆ ಚೆನ್ನಾಗಿತ್ತು’ ಎಂದು ಬರೆದುಬಿಡುತ್ತಿದ್ದರೇನೋ! ಹಾಗೆಂದು ‘ದಿವಾಸ್ವಪ್ನ’ವನ್ನು ತಲೆ ಮೇಲೆ ಹೊತ್ತು ಮೆರೆಸಬೇಕಿಲ್ಲ. ಅದರ ನಾಯಕ ಒಬ್ಬಂಟಿ ಸಾಹಸಿ, ಅವನ ಬೆನ್ನಿಗೆ ಒಬ್ಬ ಅಧಿಕಾರಿ ಇದ್ದಾನೆ. ಐದು ತರಗತಿಗಳಿಗೆ ಒಬ್ಬರೇ ಶಿಕ್ಷಕಿ, ಜೊತೆಗೆ ಬಿಸಿಯೂಟದ ಲೆಕ್ಕ, ಜನಗಣತಿಯ ಕೆಲಸ ಇರುವ ಶಾಲೆಗೆ ಅವನ ಕಥೆ ಉತ್ಸಾಹ ಕೊಟ್ಟೀತು, ವ್ಯವಸ್ಥೆ ಕೊಡದು. ಪಾಸಿಯವರ ಪುಸ್ತಕದಲ್ಲಿ ವ್ಯವಸ್ಥೆ ಇದೆ, ಮಗುವಿಲ್ಲ. ಗಿಜುಭಾಯಿಯವರ ಪುಸ್ತಕದಲ್ಲಿ ಮಗುವಿದೆ, ವ್ಯವಸ್ಥೆ ಇಲ್ಲ. ಎರಡನ್ನೂ ಒಟ್ಟಿಗೆ ಓದಬೇಕಾದ್ದು ಅದಕ್ಕೇ.

ಒಟ್ಟಿಗೆ ತರಲು ಸಾಧ್ಯವೇ? ಸಾಧ್ಯ ಎಂದು ತೋರಿಸಿದ್ದು ವೈದ್ಯರು. ಅಮೆರಿಕದ ಜಾರ್ಜ್ ಮಿಲ್ಲರ್ 1990ರಲ್ಲಿ ಒಂದು ಪಿರಮಿಡ್ ಮುಂದಿಟ್ಟರು. ತಳದಲ್ಲಿ ‘ಗೊತ್ತಿದೆ’, ಮೇಲೆ ‘ಹೇಗೆಂದು ಗೊತ್ತಿದೆ’, ಅದರ ಮೇಲೆ ‘ಮಾಡಿ ತೋರಿಸುತ್ತಾನೆ’, ತುದಿಯಲ್ಲಿ ‘ಮಾಡುತ್ತಾನೆ’. ಅವರು ಹೇಳಿದ್ದು ವೈದ್ಯರ ಬಗ್ಗೆ, ಆದರೆ ಶಿಕ್ಷಕರಿಗೂ ಹೊಂದುತ್ತದೆ. ನಟನೆಯ ತರಗತಿ ಮೂರನೇ ಮೆಟ್ಟಿಲಿಗೇ ನಿಲ್ಲುತ್ತದೆ. 1992ರಲ್ಲಿ ಅಮೆರಿಕದ ವೈದ್ಯ ಶಿಕ್ಷಕರೇ ಐದು ಪುಟ್ಟ ಕೌಶಲಗಳ ಒಂದು ಕ್ರಮವನ್ನು ಬರೆದರು. ರೋಗಿಯನ್ನು ನೋಡಿ ಬಂದ ವಿದ್ಯಾರ್ಥಿಯಿಂದ ಮೊದಲು ಅವನದೇ ತೀರ್ಮಾನ ಹೇಳಿಸು, ಆಧಾರ ಕೇಳು, ಒಂದು ಸಾಮಾನ್ಯ ನಿಯಮ ಕಲಿಸು, ಸರಿಯಾದದ್ದನ್ನು ಹೇಳು, ತಪ್ಪನ್ನು ತಿದ್ದು. ಇಲ್ಲೂ ಬೋಧನೆಯನ್ನು ಚೂರು ಮಾಡಿದ್ದಾರೆ. ಆದರೆ ರೋಗಿ ನಿಜ, ವಿದ್ಯಾರ್ಥಿಯ ಗೊಂದಲವೂ ನಿಜ. ಹಾಗಾದರೆ ಚೂರು ಮಾಡಿದ್ದು ದೋಷವಲ್ಲ, ಕಲಿಯುವವರನ್ನು ಹೊರಗಿಟ್ಟದ್ದೇ ದೋಷ.

ಈಗ ತರಬೇತಿ ಕಡ್ಡಾಯವಾಗುತ್ತಿದೆ. ಶಾಲಾ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು. ಅಸೋಸಿಯೇಟ್ ಪ್ರೊಫೆಸರ್ ಆಗಲು ವೈದ್ಯಕೀಯ ಶಿಕ್ಷಣದ ಮೂಲ ಕೋರ್ಸು ಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮ ಹೇಳಿತು. ಅಹಮದಾಬಾದ್–ವಡೋದರಾ ನಡುವಿನ ಕರಮಸದ್‌ನ ವೈದ್ಯಕೀಯ ಕಾಲೇಜು ಇಂಥ ತರಬೇತಿಯ ಮಾನ್ಯ ಕೇಂದ್ರಗಳಲ್ಲೊಂದು. ಬೆಳಗಾವಿ, ಬೆಂಗಳೂರುಗಳಲ್ಲೂ ಕೇಂದ್ರಗಳಿವೆ. ಕಡ್ಡಾಯ ಒಳ್ಳೆಯದೇ. ಆದರೆ ಗಂಟೆ ಎಣಿಸುವುದು ಸುಲಭ, ಸರ್ಟಿಫಿಕೇಟ್ ಫೈಲಿಗೆ ಹಾಕುವುದು ಇನ್ನೂ ಸುಲಭ. ಮೊಬೈಲಿನಲ್ಲಿ ವಿಡಿಯೋ ಓಡಿಸಿ ಪಕ್ಕಕ್ಕಿಟ್ಟು ಅಡುಗೆ ಮಾಡಿದರೂ ಗಂಟೆ ತುಂಬುತ್ತದೆ.

ಆದ್ದರಿಂದ ಓದುಗರಾದ ನಿಮ್ಮಲ್ಲಿ, ಅದರಲ್ಲೂ ನಾಳೆ ಶಿಕ್ಷಕರಾಗುವವರಲ್ಲಿ ಹೇಳುವುದಿಷ್ಟು. 13 ಕೌಶಲಗಳನ್ನು ಚೆನ್ನಾಗಿ ಕಲಿಯಿರಿ, ಅವು ದುಡಿಯುವ ಕೈಗೆ ಬೇಕಾದ ಹತ್ಯಾರುಗಳು. ಆದರೆ ಅಭ್ಯಾಸದ ಆರು ನಿಮಿಷಕ್ಕೆ ನೆರೆಯ ನಾಲ್ಕು ಮಕ್ಕಳನ್ನಾದರೂ ಕರೆದು ಕೂರಿಸಿಕೊಳ್ಳಿ. ಪಾಠ ಮುಗಿದ ಮೇಲೆ ‘ಅರ್ಥ ಆಯ್ತಾ?’ ಎಂದು ಕೇಳಬೇಡಿ, ಆ ಪ್ರಶ್ನೆಗೆ ಎಲ್ಲ ಮಕ್ಕಳೂ ‘ಹ್ಞೂಂ’ ಅನ್ನುತ್ತಾರೆ. ‘ನಾನು ಹೇಳಿದ್ದನ್ನು ನಿನ್ನ ತಂಗಿಗೆ ಹೇಗೆ ಹೇಳ್ತೀಯಾ?’ ಎಂದು ಕೇಳಿ, ಮಗು ತನ್ನ ಮನೆಮಾತಿನಲ್ಲಿ ಹೇಳಲಿ. ಶಾಲೆ, ಕಾಲೇಜು ನಡೆಸುವ ನಮ್ಮ ಹಿರಿಯರೂ ತರಬೇತಿಯಿಂದ ಬಂದ ಶಿಕ್ಷಕರಿಂದ ಸರ್ಟಿಫಿಕೇಟ್ ಇಸಿದುಕೊಂಡು ಕಳಿಸದೆ ಒಂದು ತಿಂಗಳು ಬಿಟ್ಟು ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲಿ. ಟೀಚರನ್ನು ಅಲ್ಲ, ಪಕ್ಕದಲ್ಲಿ ಕೂತ ಮಗುವಿನ ಪುಸ್ತಕವನ್ನು ನೋಡಲಿ. ತರಬೇತಿಯ ಫಲಿತಾಂಶ ಬರೆದಿರುವುದು ಅಲ್ಲೇ.