ಇಡ್ಲಿಯ ಹುಡುಕಾಟವೂ ಗುಜರಾತಿನ ಊಟವೂ

ರಾಜ್ಯೋತ್ಸವದ ದಿನ ಸಂಘದ ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಮಿತ್ರರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. ಡಿಸೆಂಬರ್ ರಜೆಯಲ್ಲಿ ಸಂಸಾರ ಸಮೇತ ಸೂರತ್, ವಡೋದರಾ ನೋಡಿಕೊಂಡು ಸೋಮನಾಥ, ದ್ವಾರಕೆಗೆ ಹೊರಟಿದ್ದಾರಂತೆ. “ನೀವು ನಾಲ್ಕು ಸಲ ಸುತ್ತಿದವರು. ದಾರಿಯಲ್ಲಿ ಒಳ್ಳೆಯ ಇಡ್ಲಿ, ಸಾಂಬಾರು ಸಿಗುವ ಹೋಟೆಲುಗಳ ಪಟ್ಟಿ ಬರೆದುಕೊಡಿ” ಎಂದರು. ಆಗಲಿ ಎಂದು ಮನೆಗೆ ಬಂದು ಬರೆಯಲು ಕುಳಿತೆವು. ಬರೆಯಲಾಗಲಿಲ್ಲ. ಏಕೆ ಆಗಲಿಲ್ಲ ಎಂಬುದೇ ಈ ಲೇಖನ.

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ಮನೆಯೊಳಗೆ ಸರಿ. ಪ್ರವಾಸದಲ್ಲಿ ಊಟವನ್ನೂ ಸ್ವಲ್ಪ ಪರರ ಇಚ್ಛೆಗೆ ಬಿಡಬೇಕೆಂದು ನಮ್ಮ ಅಭಿಪ್ರಾಯ. ನಾವೂ ಮೊದಲು ಹಾಗೆ ಬಿಟ್ಟವರಲ್ಲ. ಸೌರಾಷ್ಟ್ರದ ಒಂದು ಊರಿನಲ್ಲಿ ‘ಸೌತ್ ಇಂಡಿಯನ್’ ಎಂಬ ಫಲಕ ಕಂಡೊಡನೆ ಬಸ್ಸಿನಿಂದ ಇಳಿದವರೇ ಒಳಗೆ ನುಗ್ಗಿದೆವು. ಬಂದ ಸಾಂಬಾರಿನಲ್ಲಿ ಬೆಲ್ಲವೇ ಮುಂದು, ಹುಣಸೆ ಹಿಂದು. ಇಡ್ಲಿ ಫ್ರಿಜ್ಜಿನಿಂದ ಎದ್ದು ಬಂದಂತಿತ್ತು. ಅಡಿಗೆಯವನನ್ನು ಬೈದು ಹೊರಬಂದೆವು. ಈಗ ಯೋಚಿಸಿದರೆ ತಪ್ಪು ಅವನದಲ್ಲ. ತನಗೆ ಬಾರದ್ದನ್ನು ಅವನು ಮಾಡಿದ್ದು ನಾವು ಅದನ್ನು ಕೇಳಿದ್ದರಿಂದ. ಅದೇ ಬೀದಿಯ ಎದುರು ಸಾಲಿನಲ್ಲಿ ಒಬ್ಬಾಕೆ ಕೈಯಲ್ಲೇ ತಟ್ಟಿ ಬಾಜ್ರಾ ರೋಟ್ಲಾ ಸುಡುತ್ತಿದ್ದುದನ್ನು ನಾವು ನೋಡಿಯೂ ನೋಡಲಿಲ್ಲ.

ಹೀಗಿರುವಾಗ ಊಟದ ಜಾಗವನ್ನು ಅಳೆಯುವ ಕೋಲು ಯಾವುದು? ‘ನಮ್ಮ ಮನೆಯ ಹಾಗಿದೆಯೇ’ ಎಂಬುದು ಆಗದು. ತನ್ನ ಅಡಿಗೆಯಲ್ಲಿ ತನಗೇ ನಂಬಿಕೆಯಿದೆಯೇ, ಬಡಿಸುವ ಕೈಯಲ್ಲಿ ಮನಸ್ಸಿದೆಯೇ, ಈ ಎರಡೇ ಪ್ರಶ್ನೆ ಸಾಕು. ಈ ಕೋಲು ಹಿಡಿದು ಮಿತ್ರರ ದಾರಿಯಲ್ಲೇ ಹೊರಡೋಣ.

ಸೂರತ್ ಮೊದಲು. ಸೂರತಿನ ಊಟ, ಕಾಶಿಯ ಮರಣ ಎಂದು ಗುಜರಾತಿಗಳೇ ಹೇಳುತ್ತಾರೆ. ಬೆಳಗಿನ ಹೊತ್ತು ಅಲ್ಲಿ ಲೋಚೋ ತಿನ್ನಬೇಕು. ಕಡಲೆಬೇಳೆ ನೆನೆಸಿ, ರುಬ್ಬಿ, ಆವಿಯಲ್ಲಿ ಬೇಯಿಸುವ ಖಮಣ್ ಒಮ್ಮೆ ಹದತಪ್ಪಿ ಮುದ್ದೆಯಾಯಿತು, ಅದೇ ಲೋಚೋ ಆಯಿತು ಎಂಬ ಕತೆಯಿದೆ. ಆ ಮಾತಿಗೆ ಎಡವಟ್ಟು ಎಂದೇ ಅರ್ಥ. ಎಡವಟ್ಟನ್ನು ಮುಚ್ಚಿಡದೆ ಎಣ್ಣೆ, ಸೇವ್, ಈರುಳ್ಳಿ ಹಾಕಿ ಊರಿನ ಹೆಮ್ಮೆ ಮಾಡಿಕೊಂಡವರು ಅವರು. ನೆನೆಸುವುದು, ರುಬ್ಬುವುದು, ಹುದುಗಿಸುವುದು, ಆವಿಯಲ್ಲಿ ಬೇಯಿಸುವುದು — ಧೋಕಳಾದ ಈ ವಿದ್ಯೆ ಇಡ್ಲಿಯದೂ ಹೌದಲ್ಲವೇ? ನಮ್ಮ ಇಡ್ಲಿಯೂ ಹುಟ್ಟಿದಂದಿನಿಂದ ಒಂದೇ ರೂಪದಲ್ಲಿ ಕುಳಿತದ್ದಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ, ಹಳೆಯ ಕಾಲದ ಆ ಇಡ್ಡಲಿಗೆ ಬರೀ ಉದ್ದಿನದು, ಅಕ್ಕಿ ಸೇರಿದ್ದು ಆಮೇಲೆ ಎಂಬುದು ಆಹಾರದ ಇತಿಹಾಸ ಬರೆದ ಕೆ.ಟಿ. ಅಚ್ಚಯ್ಯನವರ ಅಭಿಪ್ರಾಯ.

ಚಳಿಗಾಲದಲ್ಲಿ ಹೋಗುವವರು ತಾಪಿ ನದಿಯ ಊರಿನಲ್ಲಿ ಪೊಂಕ್ ಬಿಟ್ಟು ಬರಬಾರದು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು, ಹಸಿರು ಕಾಳನ್ನು ನಿಂಬೆ, ಮೆಣಸಿನ ಸೇವ್ ಜೊತೆ ಕೊಡುತ್ತಾರೆ. ನಮ್ಮೊಡನೆ ಬಂದಿದ್ದ ಧಾರವಾಡ ಕಡೆಯ ಮಿತ್ರರು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಮಾತು ನಿಲ್ಲಿಸಿದರು. ಆಮೇಲೆ, “ಇದು ನಮ್ಮ ಸೀತನಿ ಅಲ್ಲೇನ್ರೀ!” ಎಂದರು. ಹದಿನೈದು ವರ್ಷದಿಂದ ಗುಜರಾತಿನಲ್ಲಿದ್ದು, ಊರಿನ ಸೀತನಿ ನೆನೆಸಿ ಕೊರಗಿದವರು ಅವರು. ಅದು ನಾಲ್ಕು ತಾಸಿನ ದಾರಿಯಲ್ಲಿ ಪ್ರತಿ ಚಳಿಗಾಲದಲ್ಲೂ ಸಿಗುತ್ತಿತ್ತು. ಇಡ್ಲಿ ಹುಡುಕುವ ಕಣ್ಣಿಗೆ ಅದು ಬೀಳಲಿಲ್ಲ, ಅಷ್ಟೆ.

ವಡೋದರಾದ ಸೇವ್ ಉಸಳ್ ತಿಂದರೆ ಗಾಯಕವಾಡರ ಮರಾಠಿ ಖಾರ ಇಂದಿಗೂ ಆರಿಲ್ಲ ಎಂದು ತಿಳಿಯುತ್ತದೆ. ಗುಜರಾತಿ ಅಡಿಗೆಯೆಲ್ಲ ಸಿಹಿ ಎಂದು ದೂರುವವರಿಗೆ ಅಲ್ಲಿ ಕಣ್ಣಲ್ಲಿ ನೀರು ತರಿಸುವ ಉತ್ತರವಿದೆ.

ಇನ್ನು ನಮ್ಮ ಅಹಮದಾಬಾದು. ಬೆಳಗ್ಗೆ ತರಕಾರಿ, ಹಗಲು ಚಿನ್ನಬೆಳ್ಳಿ, ರಾತ್ರಿ ತಿಂಡಿ ಮಾರುವ ಮಾಣೆಕ್ ಚೌಕದ ಬಗ್ಗೆ ಹೊಗಳಿಕೆ ಬೇಕಾದಷ್ಟಿದೆ. 2017ರಲ್ಲಿ ಹಳೆಯ ನಗರವು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಅದು ಇನ್ನೂ ಹೆಚ್ಚಿತು. ಜಾಗದ ಸೊಬಗು ನಿರ್ವಿವಾದ. ಊಟದ ವಿಷಯದಲ್ಲಿ ಮಾತ್ರ ನಮ್ಮ ತಕರಾರಿದೆ. ದೋಸೆಗೂ ಚೀಸು, ಸ್ಯಾಂಡ್‌ವಿಚ್ಚಿಗೂ ಚೀಸು, ಚಾಕೊಲೇಟಿಗೂ ಚೀಸು! ಎಲ್ಲವನ್ನೂ ಒಂದೇ ಹೊದಿಕೆಯಡಿ ಮಲಗಿಸಿದರೆ ಯಾವುದರ ಮುಖ ಗುರುತಿಸುವುದು?

ವಾಸಣಾದ ಬಳಿಯ ವಿಶಾಲಾ ಬೇರೆ ಮಾತು. 1978ರಲ್ಲಿ ಸುರೇಂದ್ರ ಪಟೇಲರು ಹಳ್ಳಿಯ ಮಾದರಿಯಲ್ಲಿ ಕಟ್ಟಿದ ಜಾಗ. ಲಾಟೀನಿನ ಬೆಳಕು, ನೆಲದ ಮೇಲೆ ಪಂಕ್ತಿ. 1981ರಲ್ಲಿ ಅಲ್ಲೇ ಅವರು ಸ್ಥಾಪಿಸಿದ ಪಾತ್ರೆಗಳ ಸಂಗ್ರಹಾಲಯ ‘ವೇಚಾರ್’ ಅನ್ನು ನಮ್ಮ ಹೆಂಗಸರು, ಮಕ್ಕಳು ಅವಶ್ಯವಾಗಿ ನೋಡಬೇಕು. ಕೊಳಗ, ಕೊಪ್ಪರಿಗೆ, ತಂಬಿಗೆ ಕಂಡು ಅಜ್ಜಿಯ ಅಡಿಗೆಮನೆ ನೆನಪಾಗದಿದ್ದರೆ ಕೇಳಿ. ಆದರೂ ಒಂದು ಸಂಕೋಚ ಉಳಿಯುತ್ತದೆ. ಹಳ್ಳಿಯ ಊಟವನ್ನು ನಗರದ ಬೆಲೆ ತೆತ್ತು ತಿನ್ನುವಾಗ ಬಡಿಸುವ ಒತ್ತಾಯವೂ ಬೆಲೆಯೊಳಗೇ ಸೇರಿತ್ತೇ ಎಂಬ ಅನುಮಾನ ಬಿಡುವುದಿಲ್ಲ. ಗುಜರಾತಿಯಲ್ಲಿ ಈ ಒತ್ತಾಯಕ್ಕೆ ‘ಆಗ್ರಹ’ ಎಂದೇ ಹೆಸರು. ನಮ್ಮಲ್ಲಿ ಸರಕಾರವನ್ನು ಆಗ್ರಹಪಡಿಸುತ್ತೇವೆ, ಇವರು ಅತಿಥಿಯನ್ನು!

ಒತ್ತಾಯಕ್ಕೆ ಬೆಲೆಯಿಲ್ಲದ ಜಾಗವನ್ನು ನಾವು ಕಂಡದ್ದು ರಾಜಕೋಟೆಯಿಂದ ಜುನಾಗಢಕ್ಕೆ ಹೋಗುವ ದಾರಿಯ ವೀರಪುರದಲ್ಲಿ. ಜಲಾರಾಮ ಬಾಪಾ ಎಂಬ ಸಂತರು 1820ರಲ್ಲಿ ಅಲ್ಲಿ ಸದಾವ್ರತ, ಎಂದರೆ ನಿತ್ಯ ಅನ್ನದಾನ, ಆರಂಭಿಸಿದರು. ಅವರೂ ಪತ್ನಿ ವೀರಬಾಯಿಯವರೂ ಕೂಲಿ ಮಾಡಿ ತಂದ ಧಾನ್ಯದಿಂದ ಅದು ಶುರುವಾಯಿತೆಂದು ಹೇಳುತ್ತಾರೆ. ಬಂದವರ ಜಾತಿ ಕೇಳುವುದಿಲ್ಲ. 2000ನೆಯ ಇಸವಿಯ ಫೆಬ್ರವರಿಯಿಂದ ಆ ಮಂದಿರ ಯಾರಿಂದಲೂ ಕಾಣಿಕೆ ಪಡೆಯುತ್ತಿಲ್ಲ. ಹುಂಡಿಯಿಲ್ಲದ ದೇವಸ್ಥಾನವನ್ನು ನಾವು ಅಲ್ಲಿಯೇ ಮೊದಲು ಕಂಡದ್ದು.

ಎಲ್.ಟಿ.ಸಿ. ರಜೆಯಲ್ಲಿ ಹೋದ ಆ ಸಲ ನಮ್ಮ ತಾಯಿಯವರೂ ಜೊತೆಗಿದ್ದರು. ಹೊರಗಿನ ಊಟ ಮುಟ್ಟದವರು. ಮೂರು ದಿನ ಅವಲಕ್ಕಿ, ಬಾಳೆಹಣ್ಣಿನಲ್ಲೇ ಕಳೆದು ಸೋತಿದ್ದರು. ವೀರಪುರದ ಸಂಜೆಯ ಪಂಕ್ತಿಯಲ್ಲಿ ಖಿಚಡಿ, ಕಢಿ ಬಂತು. ಒಂದು ತುತ್ತು ತಿಂದು, “ಮಜ್ಜಿಗೆಹುಳಿಗೆ ಇವರು ಸ್ವಲ್ಪ ಬೆಲ್ಲ ಹಾಕಿದ್ದಾರೆ ಕಣೋ” ಎಂದರು. ಬಡಿಸುವ ಹುಡುಗನಿಗೆ ಕನ್ನಡ ತಿಳಿಯದು, ತಾಯಿಗೆ ಗುಜರಾತಿ ತಿಳಿಯದು. ಅವನು “ಬಾ, ಲ್ಯೋ ನೇ” ಎಂದು ಸೌಟು ಮುಂದೆ ಹಿಡಿದ. ಅವರು ಎರಡನೆಯ ಸಲ ಹಾಕಿಸಿಕೊಂಡರು. ಹೊರಬಂದು ಸೆರಗಿನ ಗಂಟು ಬಿಚ್ಚಿ ಹಣ ಇಡಲು ಜಾಗ ಹುಡುಕಿದರು, ಇರಲಿಲ್ಲ. “ಧರ್ಮಸ್ಥಳದಲ್ಲಿ ಉಂಡ ಹಾಗಾಯಿತು. ಆದರೆ ಇವರ ಋಣ ಹೇಗೋ ತೀರಿಸೋದು?” ಎಂದು ರಾಜಕೋಟೆಯವರೆಗೂ ಕೇಳುತ್ತಿದ್ದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರೀಗ ಇಲ್ಲ, ಪ್ರಶ್ನೆ ಉಳಿದಿದೆ.

ಆ ಪ್ರಶ್ನೆ ನಮ್ಮ ಸಂಘದ ಎಲ್ಲ ಸಂಸಾರಗಳಿಗೂ ಸೇರಿದ್ದೆಂದು ತೋರುತ್ತದೆ. ಈ ನಾಡು ನಮಗೆ ಕೆಲಸ ಕೊಟ್ಟಿದೆ, ಮಕ್ಕಳಿಗೆ ಶಾಲೆ ಕೊಟ್ಟಿದೆ. ನವರಂಗಪುರದಲ್ಲಿ ಬೆಳೆದ ನಮ್ಮ ಮಕ್ಕಳು ಸಿಹಿ ದಾಲನ್ನು ‘ನಮ್ಮ ದಾಲ್’ ಎನ್ನುತ್ತಾರೆ, ಮನೆಯ ಸಾರಿಗೆ ಮೂಗು ಮುರಿಯುತ್ತಾರೆ. ನಾವು ಅವರನ್ನು ಗದರಿಸುತ್ತೇವೆ. ಗುಜರಾತಿ ಮಿತ್ರರು ಥೇಪ್ಲಾ, ಖಾಖರಾ ಕಟ್ಟಿಕೊಂಡು ಮೈಸೂರಿಗೆ ಹೋದರೆ ನಗುತ್ತೇವೆ. ನಾವು ಮಾತ್ರ ಚಟ್ನಿಪುಡಿಯ ಡಬ್ಬಿ ಹಿಡಿದು ದ್ವಾರಕೆಗೆ ಹೋಗುತ್ತೇವೆ. ಡಬ್ಬಿ ಇರಲಿ, ತಪ್ಪೇನಿಲ್ಲ. ಪರಊರಲ್ಲಿ ಹೊಟ್ಟೆ ಕೆಟ್ಟರೆ ಅದೇ ಗತಿ. ಆದರೆ ಅದನ್ನು ಎರಡನೆಯ ದಿನವೇ ತೆರೆಯಬೇಕೆಂಬ ನಿಯಮವಿಲ್ಲ. ಉಂಡ ಮನೆಯ ಋಣ ತೀರಿಸಲಾಗದಿದ್ದರೆ ಹೋಗಲಿ, ಅಲ್ಲಿ ಉಂಡೆವು ಎಂದಾದರೂ ಆಗಬೇಡವೇ?

ಮಿತ್ರರಿಗೆ ಕೊನೆಗೆ ಚೀಟಿ ಕೊಟ್ಟೆವು. ಸೂರತ್: ಬೆಳಗ್ಗೆ ಲೋಚೋ, ಸಂಜೆ ಪೊಂಕ್. ವಡೋದರಾ: ಸೇವ್ ಉಸಳ್, ಖಾರ ಕಡಿಮೆ ಎಂದು ಮೊದಲೇ ಹೇಳುವುದು. ಕಾಠಿಯಾವಾಡದ ಹೆದ್ದಾರಿ: ರೋಟ್ಲಾ, ಸುಟ್ಟ ಬದನೆಕಾಯಿಯ ಓಳೋ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆ. ವೀರಪುರ: ಊಟದ ಹೊತ್ತಿಗೆ ತಲುಪುವುದು.

ಚೀಟಿಯನ್ನು ತಿರುವಿ ನೋಡಿ ಅವರು ಕೇಳಿದರು: “ಇಡ್ಲಿ?”

“ವಾಪಸು ಬಂದ ಮೇಲೆ ನಮ್ಮ ಮನೆಗೆ ಬನ್ನಿ” ಎಂದೆವು.