ಇಪ್ಪತ್ತಾರು ಬಂಕುಗಳ ಹೆದ್ದಾರಿ

ಅಮೆರಿಕದ ಕಲಾವಿದ ಎಡ್ ರುಶೇ 1963ರಲ್ಲಿ ಸ್ವಂತ ಖರ್ಚಿನಲ್ಲಿ ಹೊರತಂದ ‘ಟ್ವೆಂಟಿಸಿಕ್ಸ್ ಗ್ಯಾಸೊಲಿನ್ ಸ್ಟೇಷನ್ಸ್’ 48 ಪುಟಗಳ, ಅಂಗೈಗಿಂತ ತುಸು ದೊಡ್ಡ ಪುಸ್ತಕ. ಲಾಸ್ ಏಂಜಲೀಸ್‌ನಿಂದ ಒಕ್ಲಹೋಮ ಸಿಟಿವರೆಗೆ, ಹೆಚ್ಚಾಗಿ 66ನೇ ಹೆದ್ದಾರಿಯ ಬದಿಯಲ್ಲಿದ್ದ 26 ಪೆಟ್ರೋಲ್ ಬಂಕುಗಳ ಕಪ್ಪು-ಬಿಳುಪು ಚಿತ್ರಗಳು ಇದರಲ್ಲಿವೆ. ಮುನ್ನುಡಿಯಿಲ್ಲ, ವಿವರಣೆಯೂ ಇಲ್ಲ. ‘ಯೂನಿಯನ್, ನೀಡಲ್ಸ್, ಕ್ಯಾಲಿಫೋರ್ನಿಯ’ ಎಂಬಂತೆ ಬಂಕಿನ ಹೆಸರು, ಊರು ಮತ್ತು ರಾಜ್ಯವಷ್ಟೇ ಪ್ರತಿ ಚಿತ್ರಕ್ಕೆ ಜೊತೆ.

ಷಿಕಾಗೊದಿಂದ ಸಾಂಟ ಮೋನಿಕದವರೆಗೆ ಸುಮಾರು 3,900 ಕಿಲೋಮೀಟರ್ ಹರಡಿದ್ದ ಈ ಹೆದ್ದಾರಿ 1926ರಲ್ಲಿ ಅಧಿಕೃತವಾಯಿತು. ಬರ ಮತ್ತು ಧೂಳಿನ ಬಿರುಗಾಳಿಗೆ ತತ್ತರಿಸಿದ ಒಕ್ಲಹೋಮದ ರೈತರು 1930ರ ದಶಕದಲ್ಲಿ ಇದೇ ದಾರಿ ಹಿಡಿದು ಕ್ಯಾಲಿಫೋರ್ನಿಯಕ್ಕೆ ಗುಳೆ ಹೋದರು. ಬಂಕು, ಮೋಟೆಲ್, ಹೋಟೆಲುಗಳನ್ನೇ ನೆಚ್ಚಿಕೊಂಡ ಊರುಗಳು ದಾರಿಯುದ್ದಕ್ಕೂ ಬೆಳೆದವು. 1956ರ ಕಾಯ್ದೆಯಂತೆ ಬಂದ ಅಂತರರಾಜ್ಯ ಹೆದ್ದಾರಿಗಳು ಆ ಊರುಗಳನ್ನು ಒಂದೊಂದಾಗಿ ಬದಿಗೆ ಸರಿಸಿದವು. ಟೆಕ್ಸಸ್-ನ್ಯೂ ಮೆಕ್ಸಿಕೊ ಗಡಿಯ ಗ್ಲೆನ್‌ರಿಯೊ ಹೀಗೆಯೇ ಪಾಳುಬಿತ್ತು. 1984ರಲ್ಲಿ ಅರಿಜೋನದ ವಿಲಿಯಮ್ಸ್ ಊರಿಗೂ ಬೈಪಾಸ್ ಬಂತು. ಮರುವರ್ಷ 66 ಎಂಬ ಸಂಖ್ಯೆಯೇ ಸರ್ಕಾರಿ ಪಟ್ಟಿಯಿಂದ ಹೋಯಿತು.

ರುಶೇ ಚಿತ್ರ ತೆಗೆದಾಗ ಈ ಅವನತಿ ಇನ್ನೂ ಆರಂಭದ ಹಂತದಲ್ಲಿತ್ತು. ಒಕ್ಲಹೋಮ ಸಿಟಿಯಲ್ಲಿ ಬೆಳೆದು, 1956ರಲ್ಲಿ ಕಲಾಶಿಕ್ಷಣಕ್ಕೆಂದು ಲಾಸ್ ಏಂಜಲೀಸ್ ಸೇರಿದ ಅವರಿಗೆ ಇದು ಮನೆಗೆ ಹೋಗಿಬರುವ ದಾರಿ. ಪುಸ್ತಕದಲ್ಲಿ ಪ್ರವಾಸಿಯ ಬೆರಗು ಕಾಣದಿರುವುದಕ್ಕೆ ಇದೂ ಒಂದು ಕಾರಣ. ಚಿತ್ರಗಳು ಸ್ಥೂಲವಾಗಿ ದಾರಿಯ ಕ್ರಮದಲ್ಲೇ ಸಾಗುತ್ತವೆ. ಆದರೆ ಕೊನೆಯದು ಟೆಕ್ಸಸ್‌ನ ಗ್ರೂಮ್ ಊರಿನ ಫೀನಾ ಬಂಕು. ಒಕ್ಲಹೋಮ ಮುಟ್ಟಿದ ಗಾಡಿ ಮತ್ತೆ ಪಶ್ಚಿಮಕ್ಕೆ ಹೊರಳಿದೆ. ಶೀರ್ಷಿಕೆ ಮೊದಲು ಹೊಳೆಯಿತು, ಚಿತ್ರಗಳು ಆಮೇಲೆ ಬಂದವು ಎಂದು ಅವರು 1965ರ ಸಂದರ್ಶನವೊಂದರಲ್ಲಿ ಹೇಳಿದ್ದಾರೆ.

ಹಲವು ಚಿತ್ರಗಳನ್ನು ರಸ್ತೆಯ ಆಚೆ ಬದಿಯಿಂದಲೇ ತೆಗೆದಂತಿದೆ. ಮುಂದೆ ಖಾಲಿ ಡಾಂಬರು, ಮೇಲೆ ಖಾಲಿ ಆಕಾಶ, ನಡುವೆ ಪಂಪುಗಳು, ಚಾವಣಿ, ಕಂಪನಿಯ ಫಲಕ. ಬೆಳಕಿಗಾಗಿ ಕಾದು ಕುಳಿತ ಲಕ್ಷಣವಿಲ್ಲ. ಇದು ಅಸಡ್ಡೆಯಲ್ಲ, ಆಯ್ಕೆ ಎಂಬುದಕ್ಕೆ ಟೆಕ್ಸಸ್‌ನ ಅಮರಿಲ್ಲೊದ ಸ್ಟ್ಯಾಂಡರ್ಡ್ ಬಂಕು ಸಾಕ್ಷಿ. ಇದೇ ಚಿತ್ರವನ್ನು ಆಧರಿಸಿ ರುಶೇ 1963ರಲ್ಲಿ ಸುಮಾರು 3 ಮೀಟರ್ ಅಗಲದ ವರ್ಣಚಿತ್ರ ಬಿಡಿಸಿದರು. ಅಲ್ಲಿ ಕೆಂಪು-ಬಿಳಿ ಕಟ್ಟಡ ಕ್ಯಾನ್ವಾಸಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಓರೆಯಾಗಿ ನುಗ್ಗುತ್ತದೆ. ಹಿಂದೆ ಕಪ್ಪು ಆಕಾಶದಲ್ಲಿ ಬೆಳಕಿನ ಕಿರಣಗಳು. ವೈಭವೀಕರಿಸುವ ಕೈಚಳಕ ಅವರಿಗೆ ಒಲಿದಿತ್ತು. ಪುಸ್ತಕದಲ್ಲಿ ಅದನ್ನು ಬೇಕೆಂದೇ ಬಳಸಲಿಲ್ಲ.

ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ ಅವರ ‘ದಿ ಅಮೆರಿಕನ್ಸ್’ ಪುಸ್ತಕವನ್ನು (ಅಮೆರಿಕದ ಆವೃತ್ತಿ 1959) ಜೊತೆಗಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಫ್ರಾಂಕ್ ಕೂಡ 66ನೇ ಹೆದ್ದಾರಿಯಲ್ಲಿ ಹೋದವರೇ. ಅರಿಜೋನದ ವಿನ್ಸ್‌ಲೊ ಮತ್ತು ಫ್ಲ್ಯಾಗ್‌ಸ್ಟಾಫ್ ನಡುವಿನ ಅಪಘಾತದ ಚಿತ್ರದಲ್ಲಿ ಹೊದಿಸಿದ ಹೆಣದ ಬಳಿ ನಿಂತ ಜನರನ್ನು ಅವರು ತೋರಿಸುತ್ತಾರೆ. ನೋಡುವವನ ಎದೆ ಭಾರವಾಗುತ್ತದೆ. ರುಶೇ ಅಂಥ ಯಾವ ಒತ್ತಡವನ್ನೂ ಹೇರುವುದಿಲ್ಲ.

ಸಮಕಾಲೀನರಿಗೆ ಈ ನಿರ್ಲಿಪ್ತತೆ ಅರಗಲಿಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ ಪುಸ್ತಕವನ್ನು ತಿರಸ್ಕರಿಸಿತು. ರುಶೇ 1964ರಲ್ಲಿ ‘ಆರ್ಟ್‌ಫೋರಂ’ ಪತ್ರಿಕೆಯಲ್ಲಿ ಆ ತಿರಸ್ಕಾರವನ್ನೇ ಜಾಹೀರಾತಾಗಿ ಹಾಕಿಸಿದರು. ಮೊದಲ ಮುದ್ರಣ 400 ಪ್ರತಿ, 1967ರಲ್ಲಿ 500, 1969ರಲ್ಲಿ 3,000. ದುಬಾರಿ ಸೀಮಿತ ಆವೃತ್ತಿಯ ಬದಲು ಅಗ್ಗದ, ಮರುಮುದ್ರಣವಾಗುವ ಕಲಾವಿದ-ಪುಸ್ತಕ ಎಂಬ ಮಾದರಿ ಇಲ್ಲಿಂದ ಬಲ ಪಡೆಯಿತು.

ಪುಸ್ತಕದ ಮಿತಿಯೂ ಈ ನಿರ್ಲಿಪ್ತತೆಯಲ್ಲೇ ಇದೆ. ಕಪ್ಪು ವರ್ಣೀಯ ಪ್ರಯಾಣಿಕರನ್ನು ಬಂಕು, ಹೋಟೆಲುಗಳಲ್ಲಿ ಹೊರಗಿಡುವುದು ಆಗ ಚಾಲ್ತಿಯಲ್ಲಿತ್ತು. ಎಲ್ಲಿ ನಿಲ್ಲಬಹುದು ಎಂದು ತಿಳಿಸುವ ‘ಗ್ರೀನ್ ಬುಕ್’ ಎಂಬ ಕೈಪಿಡಿಯೇ ಅವರಿಗೆ ಬೇಕಾಗುತ್ತಿತ್ತು. ಅವರಿಗೆ ಈ ಬಂಕುಗಳೆಲ್ಲ ಒಂದೇ ಆಗಿರಲಿಲ್ಲ. ಜನರನ್ನು ಬಹುಮಟ್ಟಿಗೆ ಬಿಟ್ಟ ಕ್ಯಾಮೆರಾದಲ್ಲಿ ಆ ಭೇದ ಹಿಡಿಯಲು ಜಾಗವಿಲ್ಲ.

ಊರುಗಳಿಗೆ ಹೆದ್ದಾರಿಯ ನಂಟು ತಪ್ಪಿದ ಮೇಲೆ 66ರ ಛಾಯಾಗ್ರಹಣ ಹೆಚ್ಚಾಗಿ ತುಕ್ಕು ಹಿಡಿದ ಪಂಪು, ಒಡೆದ ನಿಯಾನ್ ಫಲಕಗಳತ್ತ ವಾಲಿತು. ಅಂಥ ಚಿತ್ರಗಳಲ್ಲಿ ಊರು ಹಾಳಾದುದಷ್ಟೇ ಕಾಣುತ್ತದೆ. ಏನು ಹಾಳಾಯಿತು ಎಂಬುದು ಕಾಣುವುದಿಲ್ಲ. ಗಿರಾಕಿಗೆ ಬಾಗಿಲು ತೆರೆದಿದ್ದ ಬಂಕನ್ನು ಕರುಣೆಯಾಗಲಿ ಹೊಗಳಿಕೆಯಾಗಲಿ ಬೆರೆಸದೆ ದಾಖಲಿಸಿದ್ದರಿಂದ ರುಶೇ ಅವರ ಪುಸ್ತಕ ಆ ಪ್ರಶ್ನೆಗೆ ಉತ್ತರ ಕೊಡಬಲ್ಲುದು. ಹಳೆಯ ಹೆದ್ದಾರಿಯ ಚಿತ್ರಪುಸ್ತಕಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನ ಸಲ್ಲುವುದು ಆ ಕಾರಣಕ್ಕೆ.